ನಮ್ಮ ಕಾರಿನ ನಡುಕ

ಕಳೆದ ಆಷಾಢದ ಒಂದು ಬೆಳಗ್ಗೆ, ತಿಪಟೂರಿನಿಂದ ಕಿಬ್ಬನಹಳ್ಳಿ ಕ್ರಾಸಿನ ಕಡೆಗೆ ಹೋಗುತ್ತಿರುವಾಗ, ನಮ್ಮ ಕಾರು ಮೊದಲ ಬಾರಿಗೆ ನನ್ನ ಕೈಯಲ್ಲಿ ನಡುಗಿತು. ಮೊದಲ ಬಾರಿಗೆ ಎಂದು ಆಗ ನಾನು ತಿಳಿದಿದ್ದೆನು. ಹಾಗಲ್ಲವೆಂಬುದು ಎರಡು ತಿಂಗಳ ಮೇಲೆ ಗೊತ್ತಾಯಿತು. ಮುಂದೆ ತೆಂಗಿನಕಾಯಿ ಹೇರಿದ ಲಾರಿಯೊಂದು ನಿಧಾನಿಸಿದ್ದರಿಂದ ನಾನೂ ಬ್ರೇಕನ್ನು ಒತ್ತಿದೆನು. ಒತ್ತಿದೊಡನೆಯೇ ಸ್ಟೀರಿಂಗ್ ಚಕ್ರವು ಎಡಕ್ಕೂ ಬಲಕ್ಕೂ ಜರಡಿಯಾಡಿದಂತೆ ಆಡತೊಡಗಿತು. ಕಾಲ ಕೆಳಗಿನ ಪೆಡಲು ತುಡಿಯಿತು. ಪಕ್ಕದಲ್ಲಿದ್ದ ನನ್ನ ಪತ್ನಿಯ ಕೈಚೀಲದೊಳಗಿನ ಡಬ್ಬಿಗಳೆಲ್ಲ ಒಟ್ಟಿಗೆ ಮಾತನಾಡಿದವು. ವೇಗವು ಮೂವತ್ತಕ್ಕೆ ಇಳಿಯುವ ಹೊತ್ತಿಗೆ ಎಲ್ಲವೂ ಶಾಂತವಾಯಿತು. ಬ್ರೇಕಿನಿಂದ ಕಾಲು ತೆಗೆದು ಮತ್ತೆ ಅರುವತ್ತಕ್ಕೆ ಏರಿಸಿದೆನು. ನಡುಕದ ಸುಳಿವೇ ಇಲ್ಲ. ಮತ್ತೆ ಬ್ರೇಕು ಒತ್ತಿದೆನು; ಮತ್ತೆ ಅದೇ ಜ್ವರ.

ನಮಗೆ ಈ ಕಾರು ಆಡಂಬರದ ವಸ್ತುವಲ್ಲ. ಪತ್ನಿಯ ಕಣ್ಣಿನ ಚಿಕಿತ್ಸೆಗಾಗಿ ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಬೇಕಾಗಿದ್ದಿತು; ನಡುನಡುವೆ ತುರುವೇಕೆರೆಯ ತಂಗಿಯ ಮನೆ, ಚಿಕ್ಕನಾಯಕನಹಳ್ಳಿಯ ಕಡೆಯ ನೆಂಟರು, ಒಂದಿಷ್ಟು ತೋಟ. ಆದುದರಿಂದ ಕಾರು ನಡುಗಿತೆಂದರೆ ಮನೆಯೇ ನಡುಗಿದಂತೆ.

ಊರಿನಲ್ಲಿ ರೋಗ ಹೇಳಿಕೊಂಡರೆ ಔಷಧಕ್ಕೆ ಬರಗಾಲವಿಲ್ಲ. ಒಬ್ಬರು ಟಯರು ಎಂದರು. ಒಬ್ಬರು ಬ್ರೇಕ್ ಎಣ್ಣೆ ಬದಲಿಸಿರಿ ಎಂದರು. ಒಬ್ಬರು ಹಳೆಯ ಗಾಡಿ, ಕೊಟ್ಟುಬಿಡಿ ಎಂದರು. ಪಕ್ಕದ ಮನೆಯ ಅಜ್ಜಿ, ದಸರೀಘಟ್ಟದ ಚೌಡೇಶ್ವರಿಯಮ್ಮನವರ ಸನ್ನಿಧಿಯಲ್ಲಿ ಕೇಳಿಸಿ ನೋಡಬಾರದೆ ಎಂದರು. ಅಲ್ಲಿ ಇಬ್ಬರು ಹಿಡಿದ ಉತ್ಸವಮೂರ್ತಿಯು ಅಕ್ಷರ ಬರೆದು ಉತ್ತರ ಕೊಡುವುದೆಂಬ ನಂಬಿಕೆಯಿಂದ ದೂರದೂರದ ಜನರು ಬರುವರೆಂಬುದು ವಾಚಕರಿಗೆ ತಿಳಿದೇ ಇದೆ. ನಾನು ನಕ್ಕೆನು. ನನಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾರಣವು ನನಗೆ ಗೊತ್ತಿದ್ದಿತು.

ನಡುಕ ಕಾಣಿಸುವುದಕ್ಕೆ ಮೂರು ವಾರ ಮುಂಚೆ ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಿದ್ದರು. ಬದಲಾಯಿಸಿದ ಮೇಲೆ ನಡುಕ ಬಂದಿತು; ಆದುದರಿಂದ ಬದಲಾಯಿಸಿದ್ದರಿಂದಲೇ ನಡುಕ ಬಂದಿತು. ಇಷ್ಟು ಸರಳವಾದ ಅನುಮಾನಕ್ಕೆ ತರ್ಕಸಂಗ್ರಹವೇಕೆ? ಆದರೆ ನಾನು ಪಾಠಶಾಲೆಯಲ್ಲಿ ಅನ್ನಂಭಟ್ಟನ ಆ ಗ್ರಂಥವನ್ನು ಗುರುಗಳ ಮುಂದೆ ಕುಳಿತು ಓದಿದವನು. ಕಾಗೆಯು ಬಂದು ಕುಳಿತ ಗಳಿಗೆಯಲ್ಲಿಯೇ ತಾಳೆಯ ಹಣ್ಣು ಬಿದ್ದರೆ ಕಾಗೆಯ ಭಾರಕ್ಕೆ ಬಿದ್ದಿತೆನ್ನುವುದು ಎಂತಹ ದಡ್ಡತನವೆಂದು ಹುಡುಗರಿಗೆ ಮೂವತ್ತು ವರ್ಷ ಹೇಳಿಕೊಟ್ಟವನು. ಕಾಕತಾಲೀಯವೆಂಬ ಮಾತನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ನನ್ನ ಸ್ವಂತ ಕಾರು, ನನ್ನ ಸ್ವಂತ ಹಣ ಎಂದಾದಾಗ ಕಾಗೆಯೂ ಹಣ್ಣೂ ನೆನಪಿಗೆ ಬರಲಿಲ್ಲ.

ನೆಟ್ಟಗೆ ಆ ಗ್ಯಾರೇಜಿಗೆ ಹೋದೆನು. ಅದರ ಯಜಮಾನನು ನಲವತ್ತರ ಆಸುಪಾಸಿನ ಮನುಷ್ಯ; ಮಿತಭಾಷಿ. ನಾನು ಹೇಳಿದುದನ್ನೆಲ್ಲ ಕೇಳಿ, "ಡಿಸ್ಕು ಅಳತೆ ಮಾಡಬೇಕು ಮೇಷ್ಟ್ರೇ, ಗಾಡಿ ಬಿಟ್ಟುಹೋಗಿ," ಎಂದನು. ಮತ್ತೊಂದು ಸಾಮಾನಿನ ಬೆಲೆ ಕೀಳುವ ಉಪಾಯವೆಂದು ನನಗೆ ತೋರಿತು. ನಾಲ್ಕು ಜನ ಗಿರಾಕಿಗಳೂ ಕೆಲಸದ ಹುಡುಗರೂ ಇದ್ದಾಗ ಆಡಬಾರದ ಮಾತುಗಳನ್ನು ಆಡಿದೆನು. ಕೆಲವನ್ನು ಸಂಸ್ಕೃತದಲ್ಲಿ ಆಡಿದೆನು. ಆತನು ಒರಸುವ ಬಟ್ಟೆಯಲ್ಲಿ ಕೈಯನ್ನು ಒರಸಿಕೊಂಡು ಸುಮ್ಮನಿದ್ದನು. ಆ ಮೌನವನ್ನೂ ಅಪರಾಧದ ಹೇತುವಾಗಿ ಎಣಿಸಿದೆನು. ಅಷ್ಟಕ್ಕೇ ನಿಲ್ಲಲಿಲ್ಲ. ಕೊಬ್ಬರಿ ಮಂಡಿಯ ಜಗಲಿಯಲ್ಲಿ, ನಮ್ಮ ಸಂಘದ ಸಭೆಯ ಮುಂಚಿನ ಹರಟೆಯಲ್ಲಿ, ಮದುವೆಯ ಮನೆಯೊಂದರಲ್ಲಿ, ಆ ಗ್ಯಾರೇಜಿಗೆ ಹೋಗಬೇಡಿರೆಂದು ಹೇಳಿದೆನು. ನಿವೃತ್ತ ಉಪಾಧ್ಯಾಯನ ಮಾತಿಗೆ ಚಿಕ್ಕ ಊರಿನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಬೆಲೆಯಿದೆ.

ಇನ್ನೊಂದು ಅಂಗಡಿಯಲ್ಲಿ ಟಯರುಗಳ ತೂಕ ಸರಿಮಾಡಿಸಿದೆನು, ಚಕ್ರಗಳ ನೇರ ನೋಡಿಸಿದೆನು. ಹಣ ಹೋಯಿತು; ನಡುಕ ಉಳಿಯಿತು. ಅಂಗಡಿಯವನು ಹಣ ಎಣಿಸಿಕೊಂಡ ತರುವಾಯ, "ಬ್ಯಾಲೆನ್ಸು ತಪ್ಪಿದ್ದರೆ ಬ್ರೇಕು ಹಾಕದಿದ್ದಾಗಲೂ ನಡುಗಬೇಕಲ್ಲ ಸಾರ್?" ಎಂದನು. ಅನ್ವಯವೂ ವ್ಯತಿರೇಕವೂ ಹೊಂದಿದರಲ್ಲವೇ ಕಾರಣ ಸಿದ್ಧಿ. ಆ ಮನುಷ್ಯನಿಗೆ ನ್ಯಾಯಶಾಸ್ತ್ರ ತಿಳಿದಿದ್ದಿತು, ಸ್ವಲ್ಪ ತಡವಾಗಿ ಹೇಳಿದನು. "ಡಿಸ್ಕ್ ಅಳೆಯುವ ಡಯಲ್ ಗೇಜು ನನ್ನ ಹತ್ತಿರ ಇಲ್ಲ," ಎಂದು ಸೇರಿಸಿ, ಅದು ಯಾರ ಹತ್ತಿರವಿದೆಯೆಂಬುದನ್ನೂ ಹೇಳಿದನು. ನಾನು ಬೈದು ಬಂದಿದ್ದ ಗ್ಯಾರೇಜಿನ ಹೆಸರನ್ನೇ ಹೇಳಿದನು.

ಹೋಗಲು ಮನಸ್ಸಾಗಲಿಲ್ಲ. ನಡುಗುವ ಕಾರನ್ನೇ ಓಡಿಸಿಕೊಂಡಿದ್ದೆನು. ಭಾದ್ರಪದದಲ್ಲಿ ಒಂದು ಸಂಜೆ ತುರುವೇಕೆರೆಯಿಂದ ನೊಣವಿನಕೆರೆಯ ಮಾರ್ಗವಾಗಿ ಹಿಂದಿರುಗುತ್ತಿದ್ದೆವು. ತೋಟದ ದಾರಿಯೊಂದರಿಂದ, ಸೈಕಲ್ಲಿನ ಎರಡು ಕಡೆಗೂ ಎಳನೀರಿನ ಗೊನೆ ಕಟ್ಟಿಕೊಂಡ ಹುಡುಗನೊಬ್ಬನು ರಸ್ತೆಗೆ ಬಂದುಬಿಟ್ಟನು. ಬ್ರೇಕನ್ನು ಬಲವಾಗಿ ಒತ್ತಿದೆನು. ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಕುಣಿಯಿತು. ಈಗ ಹೇಳುವ ಮಾತನ್ನು ಅಂದು ಪತ್ನಿಗೂ ಹೇಳಲಿಲ್ಲ: ಆ ಕುಣಿತಕ್ಕೆ ಹೆದರಿ ನನ್ನ ಕಾಲು ತಾನಾಗಿಯೇ ಒಂದು ಕ್ಷಣ ಸಡಿಲವಾಯಿತು. ಮತ್ತೆ ಒತ್ತಿದೆನು. ಕಾರು ಹುಡುಗನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವನು ನಮ್ಮನ್ನು ನೋಡಿ, ಗೊನೆಯನ್ನು ಸರಿಮಾಡಿಕೊಂಡು ಹೊರಟುಹೋದನು. ಇಂತಹ ಕಾರು ಬ್ರೇಕು ಇಲ್ಲದ್ದರಿಂದಲ್ಲ, ಓಡಿಸುವವನ ಕಾಲನ್ನು ಹೆದರಿಸುವುದರಿಂದ ಅಪಾಯಕಾರಿಯೆಂದು ಅಂದು ತಿಳಿದೆನು.

ಮರುದಿನ ಪತ್ನಿಯೇ, "ಆ ಗ್ಯಾರೇಜಿಗೇ ಹೋಗೋಣ ನಡೀರಿ, ನಾನೂ ಬರ್ತೀನಿ," ಎಂದಳು. ಹೋದೆವು. ಆತನು ಹಳೆಯ ಮಾತೊಂದನ್ನೂ ಎತ್ತಲಿಲ್ಲ. "ಬನ್ನಿ ಮೇಷ್ಟ್ರೇ" ಎಂದು ಕೀಲಿಕೈ ಇಸಕೊಂಡನು.

ನಮ್ಮ ವೈದ್ಯರು ರೋಗಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಮಾರ್ಗಗಳನ್ನು ಹೇಳುವರಷ್ಟೆ. ಈತನು ಪ್ರಶ್ನದಿಂದ ಆರಂಭಿಸಿದನು. ಯಾವ ವೇಗದಲ್ಲಿ ಹೆಚ್ಚು? ಕೈಗೆ ತಿಳಿಯುತ್ತದೆಯೋ, ಕುಳಿತ ಜಾಗಕ್ಕೋ? ಇತ್ತೀಚೆಗೆ ಘಾಟಿ ಇಳಿದಿದ್ದಿರಾ? ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿಯನ್ನು ಬ್ರೇಕಿನ ಮೇಲೆಯೇ ಇಳಿದು, ಕಾದ ಬ್ರೇಕನ್ನು ಒತ್ತಿಹಿಡಿದು ನಿಂತರೆ ಪ್ಯಾಡಿನ ದ್ರವ್ಯವು ಡಿಸ್ಕಿನ ಒಂದು ಕಡೆಗೆ ಅಂಟಿ ಇಂತಹ ನಡುಕವೇ ಬರುವುದಂತೆ. ನಾವು ಘಾಟಿಗೆ ಹೋಗಿರಲಿಲ್ಲ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಗೆ ಕರೆದೊಯ್ದನು. ಅರುವತ್ತರಿಂದ ಬ್ರೇಕು ಒತ್ತಿ ಸ್ಟೀರಿಂಗಿನ ನಡುಕವನ್ನು ನೋಡಿದನು. ಬಳಿಕ ಒಣ ರಸ್ತೆಯಲ್ಲಿ, ನಲವತ್ತರ ವೇಗದಲ್ಲಿ, ಕೈಬ್ರೇಕಿನ ಗುಂಡಿಯನ್ನು ಒತ್ತಿಹಿಡಿದೇ ಅದನ್ನು ಮೆಲ್ಲಮೆಲ್ಲನೆ ಎಳೆದನು. ಕೈಬ್ರೇಕು ಹಿಂದಿನ ಎರಡು ಡ್ರಮ್ಮುಗಳನ್ನು ಮಾತ್ರ ಹಿಡಿಯುವುದು. ಕಾರು ನಿಧಾನಿಸಿತು, ನಡುಗಲಿಲ್ಲ. "ಹಿಂದಿನದು ಅಲ್ಲ, ಮುಂದಿನದು," ಎಂದನು. ಒದ್ದೆ ರಸ್ತೆಯಲ್ಲಿ ಈ ಪರೀಕ್ಷೆಯನ್ನು ಮಾಡಬಾರದೆಂದೂ ಹೇಳಿದನು. ಯಾರೋ ಹೇಳಿದ್ದ ಎ.ಬಿ.ಎಸ್. ಎಂಬುದರ ತುಡಿತವಿರಬಹುದೆ ಎಂದು ನಾನು ಕೇಳಿದುದಕ್ಕೆ ನಕ್ಕನು. ಚಕ್ರವು ಸಿಕ್ಕಿಹಾಕಿಕೊಂಡು ಜಾರದಂತೆ ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುವ ಆ ಏರ್ಪಾಡು 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಜಲ್ಲಿಯ ಮೇಲೆ ಬಲವಾಗಿ ಬ್ರೇಕು ಹಾಕಿದಾಗ ಅದು ಪೆಡಲಿನಲ್ಲಿ ತುಡಿಯುವುದು ಸಹಜ. ನಮ್ಮ ಕಾರು ಅದಕ್ಕಿಂತ ಹಳೆಯದು.

ಗ್ಯಾರೇಜಿಗೆ ಬಂದು ಮುಂಭಾಗವನ್ನು ಜ್ಯಾಕಿನ ಮೇಲೆತ್ತಿ, ಕೆಳಗೆ ಗಟ್ಟಿಯಾದ ಆಧಾರಗಳನ್ನು ಕೊಟ್ಟನು. ಎಡಗಡೆಯ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಕಿವಿಯನ್ನು ಅದರ ಹತ್ತಿರ ತಂದನು. ನನಗೆ ನಮ್ಮ ತಂದೆಯವರ ನೆನಪಾಯಿತು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯನ್ನು ಅವರು ಹೀಗೆಯೇ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು ಗಟಗಟನೆ ಉರುಳಿದರೆ ಅದು ಉಂಡೆ ಕೊಬ್ಬರಿಯಾಯಿತು. ಶಬ್ದವಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಒಡೆಯದೆ ಒಳಗನ್ನು ತಿಳಿಯುವ ವಿದ್ಯೆ ನಮ್ಮ ಸೀಮೆಯಲ್ಲಿ ಹೊಸದಲ್ಲ. ಚಕ್ರವು ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಸರ್ರೆಂದು ಉಜ್ಜುತ್ತಿದ್ದಿತು. ಬಲಗಡೆಯದು ಉಜ್ಜಲಿಲ್ಲ.

ಚಕ್ರವನ್ನು ಬಿಚ್ಚಿದ ಮೇಲೆ ಕಂಡುದನ್ನು, ಇಂತಹುದನ್ನು ನೋಡದ ವಾಚಕರಿಗಾಗಿ ಸ್ವಲ್ಪ ವಿವರಿಸುವೆನು. ಚಕ್ರದ ಒಳಗೆ, ಅದರೊಡನೆಯೇ ತಿರುಗುವ ಒಂದು ಕಬ್ಬಿಣದ ಬಿಲ್ಲೆ; ಅದೇ ಡಿಸ್ಕು. ಅದನ್ನು ಎರಡು ಕಡೆಯಿಂದಲೂ ಇಕ್ಕಳದಂತೆ ಹಿಡಿಯುವ ಕ್ಯಾಲಿಪರು. ಇಕ್ಕಳದ ಬಾಯಲ್ಲಿ ಪ್ಯಾಡುಗಳು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತನು 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದನಂತೆ. ಬಿಲ್ಲೆಯು ಎಲ್ಲ ಕಡೆಗೂ ಒಂದೇ ದಪ್ಪವಾಗಿದ್ದರೆ ಪ್ಯಾಡುಗಳ ಹಿಡಿತವೂ ಒಂದೇ ಸಮ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ, ದಪ್ಪ ಭಾಗ ಬಂದಾಗ ಪ್ಯಾಡುಗಳನ್ನು ಹೊರಕ್ಕೆ ನೂಕುವುದು. ಆ ನೂಕು ಎಣ್ಣೆಯ ಮೂಲಕ ಪೆಡಲಿಗೆ ಬರುವುದು. ಹಿಡಿತವು ಹೆಚ್ಚುಕಡಿಮೆಯಾಗುವುದರಿಂದ ಸ್ಟೀರಿಂಗೂ ಅಲುಗುವುದು. ಅರುವತ್ತರ ವೇಗದಲ್ಲಿ ಸಣ್ಣ ಕಾರಿನ ಚಕ್ರವು ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುವುದು. ಅಷ್ಟು ಸಲ ಈ ನೂಕಾಟ. ಬಿಲ್ಲೆಯು ಬಿಸಿಗೆ ರೊಟ್ಟಿಯಂತೆ ಸೊಟ್ಟಗಾಗುವುದೆಂದು ಜನರು ಹೇಳುವರು. ಬಹುಮಟ್ಟಿಗೆ ಅದು ಹಾಗಲ್ಲ. ದಪ್ಪದ ವ್ಯತ್ಯಾಸವೇ ದೋಷ. ಎಷ್ಟು ವ್ಯತ್ಯಾಸ ಸಾಕು? ಮಿಲಿಮೀಟರಿನ ಐವತ್ತರಲ್ಲೊಂದು ಪಾಲು ಸಾಕಂತೆ.

ಆತನು ಡಿಸ್ಕನ್ನು ನಟ್ಟುಗಳಿಂದ ಬಿಗಿದು, ಡಯಲ್ ಗೇಜಿನ ಮೊನೆಯನ್ನು ಅದಕ್ಕೆ ತಾಗಿಸಿ ತಿರುಗಿಸಿದನು. ಸಣ್ಣ ಗಡಿಯಾರದಂತಹ ಆ ಯಂತ್ರದ ಮುಳ್ಳು ಅಷ್ಟಾಗಿ ಆಡಲಿಲ್ಲ. ಓಲಾಟವು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು, ಅಷ್ಟು ಇರಬಹುದಂತೆ. ನನಗೆ ಒಳಗೊಳಗೇ ಹರ್ಷ: ಡಿಸ್ಕು ಸರಿಯಾಗಿದೆ, ಪ್ಯಾಡೇ ತಪ್ಪು! ಆಮೇಲೆ ಮೈಕ್ರೋಮೀಟರು ತೆಗೆದುಕೊಂಡು ಅಂಚಿನ ಸುತ್ತಲೂ ಎಂಟು ಕಡೆ ದಪ್ಪವನ್ನು ಅಳೆದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದನು. ಆರು ಕಡೆ ಹೆಚ್ಚುಕಡಿಮೆ ಒಂದೇ. ಅಕ್ಕಪಕ್ಕದ ಎರಡು ಕಡೆ 0.04 ಮಿಲಿಮೀಟರು ಕಡಿಮೆ. ಬಲಗಡೆಯ ಡಿಸ್ಕಿನ ಎಂಟೂ ಒಂದೇ.

"ಇದು ಪ್ಯಾಡಿನಿಂದ ಆಗಿದ್ದಲ್ಲ ಮೇಷ್ಟ್ರೇ," ಎಂದನು. "ಡಿಸ್ಕು ಸ್ವಲ್ಪ ಓರೆಯಾಗಿ ಕೂತು ಸಾವಿರಾರು ಕಿಲೋಮೀಟರು ಓಡಿದೆ. ಬ್ರೇಕು ಹಾಕದಿದ್ದಾಗಲೂ ಓರೆಯಾದ ಜಾಗ ಪ್ಯಾಡಿಗೆ ತಾಗಿ ತಾಗಿ ಸವೆದಿದೆ. ಈಗ ಓರೆ ಹೋಗಿದೆ, ಸವೆತ ಉಳಿದಿದೆ."

ಕುಂಬಾರನ ದಂಡವು ಮುರಿದುಹೋದರೂ ಗಡಿಗೆಯು ಉಳಿಯುವುದು; ನಿಮಿತ್ತ ಕಾರಣವು ನಾಶವಾದರೆ ಕಾರ್ಯವು ನಾಶವಾಗಬೇಕಾಗಿಲ್ಲ. ಇದನ್ನೂ ನಾನು ಹೇಳಿಕೊಟ್ಟಿದ್ದೆನು. "ಓರೆ ಏಕೆ ಆಗಿತ್ತು?" ಎಂದು ಕೇಳಿದೆನು.

"ಪ್ಯಾಡು ಹಾಕೋಕೆ ಬಂದಾಗ ಈ ಚಕ್ರದ ನಟ್ಟು ಬಿಚ್ಚೋಕೆ ಪೈಪು ಹಾಕಬೇಕಾಯ್ತು. ನಾಲ್ಕೂ ಒಂದೊಂದು ಬಿಗಿ. ಅವತ್ತೇ ಡಿಸ್ಕು ಅಳೀತೀನಿ ಅಂದೆ, ತಾವು ಸಭೆಗೆ ಹೊತ್ತಾಯಿತು ಅಂದಿರಿ. ಬಿಲ್ಲಿನಲ್ಲಿ ಬರೆದುಕೊಟ್ಟಿದ್ದೆನಲ್ಲ."

ಸಭೆಯೆಂದರೆ ನಮ್ಮ ಸಂಘದ ಸಭೆ. ಬಿಲ್ಲಿನಲ್ಲಿ ಮೊತ್ತದ ಹೊರತು ಇನ್ನೇನಿದ್ದಿತೆಂಬುದು ನನಗೆ ತಿಳಿಯದು. ಆದರೆ ಚಕ್ರದ ನಟ್ಟುಗಳೆಂದಾಗ ಮಾಘಮಾಸದ ಒಂದು ಮಧ್ಯಾಹ್ನವು ಕಣ್ಣಮುಂದೆ ನಿಂತಿತು. ಚಿಕ್ಕನಾಯಕನಹಳ್ಳಿಯ ಕಡೆಯ ಉಪನಯನವೊಂದರಿಂದ ಬರುವಾಗ ಎಡ ಮುಂಚಕ್ರವು ಪಂಚರಾಯಿತು. ಯಾರನ್ನೂ ಕರೆಯದೆ ತೆಂಗಿನ ತೋಟದ ನೆರಳಿನಲ್ಲಿ ನಾನೇ ಸ್ಟೆಪ್ನಿಯನ್ನು ಏರಿಸಿದೆನು. ಒಂದು ನಟ್ಟನ್ನು ಪೂರ್ತಿಯಾಗಿ ಬಿಗಿದು, ಪಕ್ಕದ್ದನ್ನು ಬಿಗಿದು, ಹೀಗೆ ಸುತ್ತಿಬಂದೆನು. ಕೈಬಲ ಸಾಲದೆಂದು ಸ್ಪ್ಯಾನರಿನ ಮೇಲೆ ಹತ್ತಿ ನಿಂತೆನು. ಪಂಚರು ಹಾಕಿಸಿದ ಚಕ್ರವನ್ನು ಮರುದಿನ ಮನೆಯ ಮುಂದೆ ಅದೇ ಕ್ರಮದಲ್ಲಿ ಏರಿಸಿದೆನು. ಈ ವಯಸ್ಸಿನಲ್ಲಿಯೂ ಎಂದು ನೆರೆಹೊರೆಯವರು ಹೊಗಳಿದರು. ನನ್ನ ತೂಕ 68 ಕಿಲೋ. ಸ್ಪ್ಯಾನರಿನ ಹಿಡಿಯ ಉದ್ದ ಕಾಲು ಮೀಟರು. ಆಮೇಲೆ ಲೆಕ್ಕ ಹಾಕಿ ನೋಡಿದೆನು: 160 ನ್ಯೂಟನ್ ಮೀಟರನ್ನು ದಾಟುವುದು. ಕಾರಿನ ಪುಸ್ತಿಕೆಯಲ್ಲಿ ಹೇಳಿರುವುದು 85. ಡಿಸ್ಕು ಹಬ್ಬಿಗೂ ಚಕ್ರಕ್ಕೂ ನಡುವೆ ಇರುವುದರಿಂದ, ಒಂದು ಕಡೆ ಹೆಚ್ಚು ಬಿಗಿದರೆ ಅದೇ ಓರೆಯಾಗುವುದು.

ಆದರೂ ಮನುಷ್ಯನ ಮನಸ್ಸು ಎಷ್ಟು ಹಟಮಾರಿ! "ಹಾಗಾದರೆ ಪ್ಯಾಡು ಹಾಕುವುದಕ್ಕೆ ಮುಂಚೆಯೇ ನಡುಗಬೇಕಾಗಿತ್ತಲ್ಲ?" ಎಂದೆನು.

ಅಷ್ಟು ಹೊತ್ತೂ ಬೆಂಚಿನ ಮೇಲೆ ಕುಳಿತಿದ್ದ ನನ್ನ ಪತ್ನಿ ಆಗ ಬಾಯಿಬಿಟ್ಟಳು. "ನಡುಗುತ್ತಿತ್ತಲ್ಲ. ಚೈತ್ರದಲ್ಲೇ ಹೇಳಿರಲಿಲ್ಲವೇ, ಬ್ರೇಕು ಹಾಕಿದಾಗಲೆಲ್ಲ ಗಣಪತಿ ತಲೆ ಅಲ್ಲಾಡಿಸುತ್ತಾನೆ ಅಂತ?"

ಕಾರಿನ ಮುಂದಿನ ಹಲಗೆಯ ಮೇಲೆ, ಸುರುಳಿ ತಂತಿಯ ಮೇಲೆ ನಿಂತ ಪುಟ್ಟ ಗಣಪತಿಯಿದ್ದಾನೆ. ಅವಳು ಹಾಗೆಂದುದು ನಿಜ. ನಾನು ರಸ್ತೆ ಸರಿಯಿಲ್ಲವೆಂದಿದ್ದೆನು. ಕಣ್ಣಿನ ಚಿಕಿತ್ಸೆಯಲ್ಲಿದ್ದವಳಿಗೆ ಕಂಡುದು ಕಣ್ಣು ಸರಿಯಾಗಿದ್ದವನಿಗೆ ಕಾಣಲಿಲ್ಲ. ಪ್ಯಾಡು ಬದಲಾಗುವುದಕ್ಕೆ ಮುಂಚೆಯೇ ನಡುಕವಿದ್ದಿತೆಂದ ಮೇಲೆ ನನ್ನ ಹೇತುವಿಗೆ ಉಳಿಗಾಲವೆಲ್ಲಿ? ಹೊಸ ಪ್ಯಾಡು ಬಂದು ಅದು ಎದ್ದು ಕಾಣಿಸಿತು, ಅಷ್ಟೆ.

ಬಿಲ್ಲು ಮನೆಯಲ್ಲಿ ಪಂಚಾಂಗದೊಳಗೆ ಜ್ಯೇಷ್ಠಮಾಸದ ಗುರುತಾಗಿ ಸಿಕ್ಕಿತು. ಮೊತ್ತದ ಕೆಳಗೆ, ನೀಲಿ ಶಾಯಿಯಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ ಹೀಗಿದ್ದಿತು: "ಎಡ ಮುಂಚಕ್ರದ ನಟ್ಟುಗಳು ಅತಿ ಬಿಗಿ. ಡಿಸ್ಕ್ ಅಳತೆ ಮಾಡಬೇಕು." ಪ್ರಶ್ನಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆದವರ ಅಂಕಗಳನ್ನು ಮೂವತ್ತು ವರ್ಷ ಕಡಿದಿದ್ದೆನು.

ದುರಸ್ತಿಯ ಭಾಗ ಹೆಚ್ಚೇನಿಲ್ಲ. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಅಚ್ಚೊತ್ತಿರುವರು. ಲೇತಿನಲ್ಲಿ ಸಮಮಾಡಿದರೆ ಆ ಗಡಿಗೆ ತೀರ ಹತ್ತಿರ ಬರುತ್ತಿದ್ದುದರಿಂದ ಎರಡು ಕಡೆಗೂ ಹೊಸವನ್ನೇ ಹಾಕಿದನು, ಒಂದು ಕಡೆ ಮಾತ್ರ ಹೊಸದು ಹಾಕಬಾರದಂತೆ. ಹಾಕುವ ಮುನ್ನ ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವವರೆಗೆ ಉಜ್ಜಿದನು. ಕಾಗದದಷ್ಟು ತುಕ್ಕು ಉಳಿದರೂ ಹೊಸ ಡಿಸ್ಕು ಮತ್ತೆ ಓರೆಯಾಗಿ ಕುಳಿತು, ಕೆಲವು ಸಾವಿರ ಕಿಲೋಮೀಟರಿನ ಮೇಲೆ ಅದೇ ಕಥೆ. ಕ್ಯಾಲಿಪರು ಜಾರುವ ಕಡ್ಡಿಗಳನ್ನು ಶುದ್ಧಮಾಡಿ ಅದಕ್ಕೆಂದೇ ಇರುವ ಗ್ರೀಸು ಹಚ್ಚಿದನು. ಪ್ಯಾಡುಗಳ ಮುಖವನ್ನು ಸಮತಟ್ಟಾಗಿ ಉಜ್ಜಿದನು. ಗೇಜನ್ನು ಮತ್ತೆ ಇಟ್ಟು ನೋಡಿದನು. ಕೊನೆಗೆ ನಟ್ಟುಗಳನ್ನು, ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ, ಎರಡು ಸುತ್ತಿನಲ್ಲಿ, ಇಷ್ಟು ಬಿಗಿಯಾದೊಡನೆ ಕಟಕ್ಕೆನ್ನುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿದನು. ಆ ಕಟಕ್ ಎಂಬ ಶಬ್ದವನ್ನು ನನಗೆ ನಾಲ್ಕು ಸಲವೂ ಕೇಳಿಸಿದನು. ಬೇಕೆಂದೇ ಕೇಳಿಸಿದನೋ ತಿಳಿಯದು.

ಮುಂಜಾನೆ ನೊಣವಿನಕೆರೆಯ ರಸ್ತೆಯಲ್ಲಿ, ಐವತ್ತರಿಂದ ಇಪ್ಪತ್ತಕ್ಕೆ ಮಿತವಾಗಿ ಹತ್ತು ಸಲ ಬ್ರೇಕು ಹಾಕಿ, ನಡುನಡುವೆ ಗಾಳಿಗೆ ತಣಿಸುತ್ತ, ಕಾದಾಗ ಒತ್ತಿಹಿಡಿದು ನಿಲ್ಲದೆ ಓಡಿಸಿ ತರಲು ಹೇಳಿದನು. ಹೊಸ ಡಿಸ್ಕೂ ಪ್ಯಾಡೂ ಒಂದಕ್ಕೊಂದು ಹೊಂದಿಕೊಳ್ಳುವ ವಿಧಾನವಂತೆ. ಹಾಗೆಯೇ ಮಾಡಿದೆನು. ಹತ್ತನೆಯ ಸಲಕ್ಕೆ ಗಣಪತಿಯು ತಲೆಯಾಡಿಸಲಿಲ್ಲ.

ಅಂದೇ ಬಿಲ್ಲನ್ನು ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋದೆನು. ಹುಡುಗರೆಲ್ಲ ಇದ್ದಾಗ, ಗಿರಾಕಿಗಳೂ ಬಂದಿದ್ದಾಗ, "ತಪ್ಪು ನನ್ನದು, ಅಂದು ಆಡಿದುದನ್ನು ಹಿಂದಕ್ಕೆ ತೆಗೆದುಕೊಳ್ಳುವೆನು," ಎಂದೆನು. ಆತನು, "ಕೂತ್ಕೊಳ್ಳಿ ಮೇಷ್ಟ್ರೇ, ಟೀ ತರಿಸ್ತೀನಿ," ಎಂದನು. ನನ್ನ ಮಾತಿನಿಂದ ನಷ್ಟವಾಯಿತೆ ಎಂದು ಕೇಳಿದೆನು. ಬಹಳ ಹೊತ್ತು ಹೇಳಲಿಲ್ಲ. ಕೊಬ್ಬರಿ ವ್ಯಾಪಾರಿಯೊಬ್ಬರ ಎರಡು ಸಾಮಾನಿನ ವ್ಯಾನುಗಳು ತಿಂಗಳಿಗೊಮ್ಮೆ ಬರುತ್ತಿದ್ದವು, ಆಷಾಢದಿಂದ ಬರುತ್ತಿಲ್ಲ ಎಂದನು.

ಹರಾಜಿನ ದಿನ ಮಾರುಕಟ್ಟೆಗೆ ಹೋಗಿ ಆ ವ್ಯಾಪಾರಿಗಳನ್ನು ಕಂಡು, ನಡೆದುದನ್ನೆಲ್ಲ, ಸ್ಪ್ಯಾನರಿನ ಮೇಲೆ ಹತ್ತಿ ನಿಂತುದನ್ನೂ ಬಿಡದೆ ಹೇಳಿದೆನು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಘದಲ್ಲಿ ನನ್ನ ಹರಟೆಯನ್ನು ಕೇಳಿದವರಲ್ಲಿ ಎಲ್ಲರನ್ನೂ ಹಾಗೆ ಹುಡುಕಿಕೊಂಡು ಹೋಗಲಾರೆನಾದುದರಿಂದ ಇದನ್ನು ಸಂಪಾದಕರಿಗೆ ಬರೆದುಕೊಟ್ಟಿರುವೆನು. ವ್ಯಾನುಗಳಲ್ಲಿ ಒಂದು ಕಾರ್ತಿಕದಿಂದ ಮತ್ತೆ ಆ ಗ್ಯಾರೇಜಿಗೆ ಬರುತ್ತಿದೆ. ಇನ್ನೊಂದರ ಚಾಲಕನು ಮಾತ್ರ, ನಾನು ಎಷ್ಟು ಹೇಳಿದರೂ, "ಅವತ್ತು ನೀವೇ ಹೇಳಿದ್ದಿರಲ್ಲ ಸ್ವಾಮಿ," ಎಂದು ನಕ್ಕು, ಬೇರೆ ಕಡೆಗೆ ಗಾಡಿ ತಿರುಗಿಸುತ್ತಾನೆ.